ಅಜ್ಜಿಯ ಮಡಿ, ಅಮ್ಮನ ಕಾಗದ

ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಇಬ್ಬರನ್ನು ಮುಟ್ಟುವ ಹಾಗಿರಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿ, ಅಂದರೆ ಅಪ್ಪನ ಅಮ್ಮ, ಮಡಿಯುಟ್ಟು ಒಲೆಯ ಮುಂದೆ ಇರುತ್ತಿದ್ದರು. ಹಿಂದಿನ ವರಾಂಡದಲ್ಲಿ ಅಮ್ಮ ಒದ್ದೆ ಕಾಗದದ ಮೇಲೆ ಬಗ್ಗಿ ನಿಂತಿರುತ್ತಿದ್ದಳು. ಅಜ್ಜಿಯನ್ನು ಮುಟ್ಟಿದರೆ ಅವರು ಮತ್ತೆ ಬಾವಿಕಟ್ಟೆಗೆ ಹೋಗಿ ಕೊಡ ಕೊಡ ನೀರು ಸುರಿದುಕೊಳ್ಳಬೇಕು, ಅಡುಗೆ ತಡವಾಗುತ್ತದೆ, ಅಪ್ಪ ಬರಿಗೈಯಲ್ಲಿ ರೈಲ್ವೆ ವರ್ಕ್‌ಷಾಪಿನ ಆಫೀಸಿಗೆ ಹೋಗಬೇಕಾಗುತ್ತದೆ. ಅಮ್ಮನನ್ನು ಮುಟ್ಟಿದರೆ ಅವಳ ಕೈ ಅಲುಗುತ್ತದೆ, ಬಣ್ಣ ಬೇಡದ ಕಡೆ ಓಡುತ್ತದೆ, ಆ ಕಾಗದ ಅಲ್ಲಿಗೆ ಮುಗಿಯಿತು. ಹೀಗಾಗಿ ಸ್ಕೂಲಿನ ಯೂನಿಫಾರ್ಮ್ ಹಾಕಿಕೊಂಡು, ರಿಬ್ಬನ್ ಕೈಯಲ್ಲಿ ಹಿಡಿದುಕೊಂಡು, ನಡುಮನೆಯಲ್ಲಿ ನಿಂತ ನನಗೆ ಜಡೆ ಹಾಕುತ್ತಿದ್ದವನು ಅಪ್ಪ. ಅವನಿಗೆ ಬೈತಲೆ ನೇರವಾಗಿ ತೆಗೆಯಲು ಬರುತ್ತಿರಲಿಲ್ಲ. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಹತ್ತಿರ. ಹಾಗೇ ಹೋಗುತ್ತಿದ್ದೆ. ಮಕ್ಕಳನ್ನು ದಿನಾ ಅಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಹಾಗಾಗುತ್ತದೆ ಹೀಗಾಗುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಹೇಳಲಿ. ನನಗೆ ಕೊರತೆ ಅಂತ ಅನ್ನಿಸಿದ್ದೇ ಇಲ್ಲ. ನಿಜ ಹೇಳಬೇಕೆಂದರೆ ಆ ವಯಸ್ಸಿನಲ್ಲಿ ನನಗೆ ಏನೂ ಅಷ್ಟಾಗಿ ಅನ್ನಿಸುತ್ತಿರಲಿಲ್ಲ. ನಿಂತುಕೊಂಡು ನೋಡುವುದೊಂದು ಬರುತ್ತಿತ್ತು.

ಪೆರಂಬೂರಿನ ಆ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಇತ್ತು. ಮುಂದೆ ಹಾಲ್, ಆಮೇಲೆ ನಡುಮನೆ, ಪಕ್ಕಕ್ಕೆ ಅಡುಗೆಮನೆ, ಕೊನೆಯಲ್ಲಿ ಮೇಲೆ ಶೀಟು ಹಾಕಿದ ವರಾಂಡ, ಅದರಾಚೆ ಬಾವಿ. ಮುಂಬಾಗಿಲಲ್ಲಿ ನಿಂತು ಕೂಗಿದರೆ ಬಾವಿಕಟ್ಟೆಗೆ ಕೇಳುತ್ತಿತ್ತು, ಆದರೆ ಬೆಳಿಗ್ಗೆ ಕೂಗುವುದಕ್ಕೂ ಅಪ್ಪಣೆ ಇರಲಿಲ್ಲ. ಅಜ್ಜಿಯ ಕಡೆಯವರು ಮದರಾಸಿಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ತಿಳಿಯದು. ಅವರ ಕನ್ನಡದಲ್ಲಿ ಅರ್ಧ ತಮಿಳು ಕಲೆತುಹೋಗಿತ್ತು. ಅಮ್ಮ ಮೈಸೂರಿನವಳು, ಅಲ್ಲಿ ಚಿತ್ರಕಲೆ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ಅವಳ ಕನ್ನಡ ಇಸ್ತ್ರಿ ಮಾಡಿದ ಹಾಗಿತ್ತು. ನಾನು ಇಬ್ಬರಿಗೂ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಅದಕ್ಕೆ ಅಮ್ಮ ಬೈಯುತ್ತಿದ್ದಳು, ಅಜ್ಜಿ ಬೈಯುತ್ತಿರಲಿಲ್ಲ.

ಅಮ್ಮನ ಕೆಲಸ ಜಲವರ್ಣ. ಗಿಡ, ಮರ, ಮನೆ, ಮುಖ ಯಾವುದೂ ಇಲ್ಲದ ಚಿತ್ರ, ಬಣ್ಣ ಮತ್ತು ನೀರು ಅಷ್ಟೇ. ಇವತ್ತು ಅಮೂರ್ತ ಅಂದರೆ ಜನ ಹೂಂ ಎಂದು ತಲೆಯಾಡಿಸುತ್ತಾರೆ. ಆಗ ನಮ್ಮ ಬಂಧುಗಳಿಗೆ ಆ ಮಾತೂ ಗೊತ್ತಿರಲಿಲ್ಲ. ಅವಳು ದಪ್ಪ ಕಾಗದವನ್ನು ಸತುವಿನ ತೊಟ್ಟಿಯಲ್ಲಿ ನೆನೆಹಾಕಿ, ಎರಡೂ ಕೈಯಿಂದ ಎತ್ತಿ, ನೀರು ಸೋರಲು ಬಿಟ್ಟು, ಹಲಗೆಯ ಮೇಲೆ ಮಲಗಿಸಿ, ನಾಲ್ಕೂ ಅಂಚಿಗೆ ಗೋಂದಿನ ಪಟ್ಟಿ ಹಚ್ಚುತ್ತಿದ್ದಳು. ಒಣಗಿದ ಮೇಲೆ ಅದು ತಮಟೆಯ ಹಾಗೆ ಬಿಗಿಯಾಗುತ್ತಿತ್ತು. ಮತ್ತೆ ಅದರ ಮೇಲೆ ನೀರು ಬಳಿದು ಮೊದಲ ಬಣ್ಣ ಬಿಡುವುದು. ಆಮೇಲೆ ಕಾಯುವುದು. ಒದ್ದೆ ಕಾಗದದ ಮೇಲೆ ಒಂದು ಹೊಳಪು ಇರುತ್ತದೆ. ಆ ಹೊಳಪು ಇರುವಾಗ ಎರಡನೆಯ ಬಣ್ಣ ಹಾಕಿದರೆ ಅದು ಹರಿದು ಕಳೆದುಹೋಗುತ್ತದೆ. ಹೊಳಪು ಪೂರ್ತಿ ಹೋದ ಮೇಲೆ ಹಾಕಿದರೆ ಅಂಚು ಕಟ್ಟುತ್ತದೆ. ನಡುವೆ ಒಂದು ಗಳಿಗೆ ಇದೆ, ಅದಕ್ಕೆ ಹೆಸರಿಲ್ಲ. ಅದಕ್ಕಾಗಿ ಅಮ್ಮ ಕಣ್ಣನ್ನು ಕಾಗದದ ಮಟ್ಟಕ್ಕೆ ಇಳಿಸಿ, ಬೆಳಕಿಗೆ ಎದುರಾಗಿ ನೋಡುತ್ತ ನಿಲ್ಲುತ್ತಿದ್ದಳು. ಫ್ಯಾನ್ ಹಾಕುವಂತಿಲ್ಲ, ಬಾಗಿಲು ದಡ್ ಅಂತ ಮುಚ್ಚುವಂತಿಲ್ಲ. ಮದರಾಸಿನ ಸೆಕೆಯಲ್ಲಿ ಫ್ಯಾನಿಲ್ಲದೆ ಬೆವರು ಸುರಿಸುತ್ತ ನಾನೂ ಆ ಹೊಳಪನ್ನೇ ನೋಡುತ್ತಿದ್ದೆ. ಯಾರೂ ನನಗೆ ಪಾಠ ಹೇಳಿಕೊಡಲಿಲ್ಲ. ಈಗ ನಾನು ಹೊಟ್ಟೆ ಹೊರೆಯುವುದು ಅದೇ ಗಳಿಗೆಯನ್ನು ನಂಬಿಕೊಂಡು.

ಮಧ್ಯಾಹ್ನ ಊಟ ಮುಗಿದು, ಮಡಿಸೀರೆ ಬಿಚ್ಚಿ ಬೇರೆ ಉಟ್ಟ ಮೇಲೆ, ಅಜ್ಜಿ ವರಾಂಡಕ್ಕೆ ಬರುತ್ತಿದ್ದರು. ಬಂದು ಗೋಡೆಗೆ ಒರಗಿಸಿದ ಹಲಗೆಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಅಪ್ಪ ಒಳ್ಳೆಯವನು, ಆದರೆ ಚಿತ್ರ ನೋಡಿದ ಕೂಡಲೇ, ಇದು ಮೋಡ ತಾನೇ, ಇದು ಸಮುದ್ರ ತಾನೇ ಎಂದು ಶುರುಮಾಡುತ್ತಿದ್ದ. ಒಂದು ಸಲ ಅಜ್ಜಿ ಅವನಿಗೆ ಚೆನ್ನಾಗಿ ಹಾಕಿದರು.

"ದಿನಾ ಬಾಗಿಲಲ್ಲಿ ನಾನು ಕೋಲ ಇಡ್ತೀನಲ್ಲ, ಇದೇನು ಅಂತ ಒಂದಿನ ಕೇಳಿದ್ಯಾ? ಅದು ಕೋಲ. ಹಾಗೇ ಇದೂ. ಸುಮ್ನೆ ನೋಡು."

ರಂಗೋಲಿಯನ್ನು ಅವರು ತಮಿಳರ ಹಾಗೆ ಕೋಲ ಅನ್ನುತ್ತಿದ್ದರು. ಆಹಾ, ಓಹೋ ಎಂದು ಹೊಗಳುವುದು ಅವರಿಗೆ ಗೊತ್ತಿರಲಿಲ್ಲ. ಒಂದು ಚಿತ್ರದ ಮುಂದೆ ಕೂತು, "ಇಲ್ಲಿ ನೀನು ಭಯಪಟ್ಟಿದೀಯ" ಅನ್ನುತ್ತಿದ್ದರು. ಇನ್ನೊಂದಕ್ಕೆ, "ಇದನ್ನ ನೆನ್ನೇನೇ ನಿಲ್ಲಿಸಿರಬೇಕಿತ್ತು, ಜಾಸ್ತಿ ಬೇಯಿಸಿಬಿಟ್ಟೆ" ಅನ್ನುತ್ತಿದ್ದರು. ಅಮ್ಮನ ಮುಖ ಸಪ್ಪಗಾಗುತ್ತಿತ್ತು. ಸಂಜೆ ನೋಡಿದರೆ ಆ ಚಿತ್ರ ಹರಿದು ಬುಟ್ಟಿ ಸೇರಿರುತ್ತಿತ್ತು. ಅತ್ತೆ ಸೊಸೆ ಅಂದ ಮೇಲೆ ಜಗಳವಿಲ್ಲದೆ ಇರುತ್ತದೆಯೇ? ಇತ್ತು, ನೀರಿಗೆ ಇತ್ತು, ಮುಸುರೆ ಪಾತ್ರೆಗೆ ಇತ್ತು, ನನ್ನ ತಮಿಳಿಗೂ ಇತ್ತು. ಆದರೆ ಚಿತ್ರದ ಮುಂದೆ ಜಗಳವಿರಲಿಲ್ಲ.

ಹೀಗಿರುವಾಗ ಊರಿನ ಒಂದು ಗ್ಯಾಲರಿಯವರು ಅಮ್ಮನ ಚಿತ್ರಗಳನ್ನಷ್ಟೇ ಇಟ್ಟು ಒಂದು ಪ್ರದರ್ಶನ ಮಾಡುವುದಾಗಿ ಒಪ್ಪಿಕೊಂಡರು. ಅಲ್ಲಿಯವರೆಗೆ ಹತ್ತು ಜನರ ನಡುವೆ ಒಂದೋ ಎರಡೋ ಚಿತ್ರ ತೂಗಿದ್ದು ಬಿಟ್ಟರೆ ಅವಳದ್ದು ಅಂತ ಒಂದು ಗೋಡೆ ಇರಲಿಲ್ಲ. ಭಾನುವಾರ ಅಪ್ಪ ಹಾಲಿನ ಕುರ್ಚಿ, ಟೀಪಾಯಿ ಎಲ್ಲ ಬೀದಿಯ ಜಗಲಿಗೆ ಸಾಗಿಸಿದ. ಅಮ್ಮ ನೆಲದ ಮೇಲೆ ಚಿತ್ರಗಳನ್ನು ಹರಡಿ ಆರಿಸಲು ಕೂತಳು. ಪ್ರದರ್ಶನಕ್ಕೆ ಆರಿಸುವುದು ಬಿಡಿಸುವುದಕ್ಕಿಂತ ಕಷ್ಟ. ಒಂದೊಂದೂ ಚೆನ್ನಾಗಿದ್ದರೆ ಸಾಲದು, ಪಕ್ಕದ್ದನ್ನು ಕೊಲ್ಲಬಾರದು. ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದು, ಸಾಲುಗಳ ನಡುವೆ ಓಡಾಡುತ್ತ, ಕಾಲಿನ ಹೆಬ್ಬೆರಳಿನಿಂದ ತೋರಿಸಿದರು.

"ಇದನ್ನ ಅಲ್ಲಿ ಇಡು. ಈ ನೀಲಿ ಜೋರಾಗಿ ಮಾತಾಡ್ತಿದೆ, ಅದರ ಪಕ್ಕ ಏನೂ ಬೇಡ. ಶರಿ. ಗೋಡೆ ಮೇಲೆ ಹೇಗಿರತ್ತೋ? ನಾನೂ ಬಂದು ನೋಡಬೇಕಲ್ಲ."

"ನೀವು ಬರ್ತೀರಾ ಅತ್ತೆ?"

"ಯಾಕೆ, ಬರಬಾರದಾ? ನಿನ್ನ ಗಂಡ ಆಟೋ ಹಿಡೀತಾನೆ."

ಗುಡಿ ಮತ್ತು ತಿಥಿಯ ಮನೆಗಳನ್ನು ಬಿಟ್ಟು ಅಜ್ಜಿ ಎಲ್ಲಿಗೂ ಹೋಗುತ್ತಿರಲಿಲ್ಲ. ಅಮ್ಮ ಮೈಸೂರಿನಿಂದ ತನ್ನ ಅಪ್ಪ ಅಮ್ಮನನ್ನೂ ಕರೆದಿರಲಿಲ್ಲ. ದೊಡ್ಡ ಕಲಾವಿದರು ಬರಲಿ, ಪತ್ರಿಕೆಯವರು ಬರಲಿ ಎಂದು ಅವಳು ಹಂಬಲಿಸಿದ್ದನ್ನು ನಾನು ಕಾಣೆ. ಅವಳಿಗೆ ಬೇಕಾದದ್ದು ಒಂದೇ: ಅಜ್ಜಿ ಬಂದು ಆ ಚಿತ್ರಗಳನ್ನು ಗೋಡೆಯ ಮೇಲೆ ನೋಡಬೇಕು. ಆವತ್ತು ಪಾತ್ರೆ ಒರೆಸುತ್ತ ಅಮ್ಮ ಗುನುಗುತ್ತಿದ್ದಳು. ನಮ್ಮ ಮನೆಯಲ್ಲಿ ಅದು ಅಪರೂಪ.

ಉದ್ದ ಗೋಡೆಗೆ ಇನ್ನೂ ಒಂದಷ್ಟು ದೊಡ್ಡ ಚಿತ್ರ ಬೇಕಾಗಿದ್ದವು. ಅಮ್ಮ ಮಂಚದ ಕೆಳಗಿನ ಟ್ರಂಕಿನಿಂದ, ಯಾರೋ ವಿದೇಶದಿಂದ ತಂದುಕೊಟ್ಟಿದ್ದ ಕಾಗದ ತೆಗೆದಳು. ಮದರಾಸಿಗೆ ಮಳೆ ಬರುವ ಕಾಲ ಅದು, ಗೋಡೆಗಳೆಲ್ಲ ತಣ್ಣಗೆ ಬೆವರುತ್ತಿದ್ದವು. ಬಣ್ಣ ಇಟ್ಟ ಕೂಡಲೇ ಕಾಗದ ಅದನ್ನು ಮಸಿ ಹೀರುವ ಕಾಗದದ ಹಾಗೆ ಕುಡಿದುಬಿಟ್ಟಿತು. ಹೊಳಪೇ ನಿಲ್ಲಲಿಲ್ಲ. ಅಮ್ಮ ಇನ್ನೊಂದು ಹಾಳೆ ತೆಗೆದಳು, ಅದೂ ಹಾಗೆಯೇ. ಕಾಗದದ ಮೇಲೆ ನೀರು ನಿಲ್ಲಬೇಕಾದರೆ ಅದಕ್ಕೆ ಅಂಟು ಹಚ್ಚಿರಬೇಕು. ತೇವದಲ್ಲಿ ವರ್ಷಗಟ್ಟಲೆ ಬಿದ್ದಿದ್ದು ಆ ಅಂಟು ಸತ್ತುಹೋಗಿತ್ತು. ಅಂಥ ಕಾಗದ ಮತ್ತೆ ಎಲ್ಲಿಂದ ತರುವುದು? ಅಮ್ಮ ಊರೊಳಗಿನ ಪ್ಯಾರೀಸ್ ಅಂಗಡಿಬೀದಿಗೆ ಹೋಗಿ ಒಂದು ಪೊಟ್ಟಣ ತಂದಳು. ಒಳಗೆ ಕಲ್ಲುಸಕ್ಕರೆಯ ಪುಡಿಯಂಥ ಹಳದಿ ಹರಳು. ಅದನ್ನು ನೀರಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಕರಗಿಸಿ, ಅಗಲ ಬ್ರಷ್ಷಿನಿಂದ ಕಾಗದಕ್ಕೆ ಬಳಿದರೆ ಸರಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ಬೇಗ ಎದ್ದು ವರಾಂಡದ ಸ್ಟೌವಿನ ಮೇಲೆ ಅದನ್ನಿಟ್ಟಳು. ಅಂದು ದ್ವಾದಶಿ ಅನ್ನುವುದು ಅವಳ ತಲೆಯಲ್ಲಿ ಇರಲಿಲ್ಲವೋ, ಇದ್ದೂ ಇಟ್ಟಳೋ, ತಿಳಿಯದು. ಹಿಂದಿನ ದಿನ ಏಕಾದಶಿ, ಅಜ್ಜಿ ಒಂದು ಹನಿ ನೀರೂ ಕುಡಿದಿರಲಿಲ್ಲ. ದ್ವಾದಶಿಯಂದು ಹೊತ್ತಿಗೆ ಮುಂಚೆ ಅಡುಗೆಯಾಗಿ, ನೈವೇದ್ಯವಾಗಿ, ಪಾರಣೆ ಮುಗಿಯಬೇಕು. ಅವರು ಮಡಿಯಲ್ಲಿ ಅಡುಗೆಮನೆಯ ಹೊಸಿಲಿಗೆ ಬಂದು ನಿಂತರು. ಅಪ್ಪ ನನ್ನ ಜಡೆ ಹಿಡಿದುಕೊಂಡಿದ್ದ.

"ಏನೋ ವಾಸನೆ ಬರ್ತಿದೆಯಲ್ಲ."

"ಮಣಲಿ ಗಾಳಿ ಅಮ್ಮಾ ಅದು. ಎಣ್ಣೆ ಫ್ಯಾಕ್ಟರೀದು," ಅಂದ ಅಪ್ಪ.

"ಮಣಲಿ ಗಾಳಿ ನನಗೆ ತೆರಿಯಾದಾ, ಗೊತ್ತಿಲ್ವಾ? ಎಷ್ಟೋ ವರ್ಷದಿಂದ ಕುಡೀತಿದೀನಿ. ಇದು ವರಾಂಡದಿಂದ ಬರ್ತಿದೆ. ಗೋಂದು ಕಾಯಿಸ್ತಿದೀಯ ಸುಮತಿ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಪಾಪ, ಅಜ್ಜಿಯೇ ಉತ್ತರವನ್ನು ಕೈಗೆ ಕೊಟ್ಟಿದ್ದರು. ಅಮ್ಮ ಕಲಕುತ್ತಿದ್ದ ಕಡ್ಡಿ ನಿಲ್ಲಿಸಿದಳು.

"ಗೋಂದಲ್ಲ ಅತ್ತೆ. ಜೆಲಟಿನ್ ಅಂತ."

"ಅಂದ್ರೆ?"

"ದನದ ಮೂಳೆ, ಚರ್ಮ ಬೇಯಿಸಿ ತೆಗೆಯೋ ಅಂಟು."

ಅಜ್ಜಿ ಹೊಸಿಲಿನಿಂದಲೇ ಸ್ಟೌವಿನ ಕಡೆ ಕತ್ತು ಚಾಚಿ ನೋಡಿದರು. ಆಮೇಲೆ ಕೇಳಿದರು:

"ಈ ಪಾತ್ರೇಲಿ ಇರೋದು ಮಾತ್ರಾನಾ?"

"ಇಲ್ಲ. ಕಾಗದದಲ್ಲೇ ಇರತ್ತೆ. ನಾನು ತರಿಸೋ ಒಳ್ಳೇ ಕಾಗದಕ್ಕೆಲ್ಲ ಇದನ್ನೇ ಹಚ್ಚಿರ್ತಾರೆ. ಮೊದಲಿಂದಾನೂ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಜ್ಜಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ತಿರುಗಿ, ಯಾರ ಮೈಯೂ ತಾಗದ ಹಾಗೆ ಗೋಡೆ ಬದಿಯಲ್ಲೇ ನಡೆದು ಬಾವಿಕಟ್ಟೆಗೆ ಹೋದರು. ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡರು, ಮತ್ತೆ ಸುರಿದುಕೊಂಡರು. ಒಳಗೆ ಬಂದು ಆಗಿದ್ದ ಅಡುಗೆಯನ್ನೆಲ್ಲ ಹಸುವಿನ ಬಾನಿಗೆ ಸುರಿದು, ಅಡುಗೆಮನೆ ತೊಳೆದು, ಮತ್ತೆ ಒಲೆ ಹಚ್ಚುವಷ್ಟರಲ್ಲಿ ಪಾರಣೆಯ ಹೊತ್ತು ಮೀರಿತ್ತು. ಒಂದು ಉದ್ಧರಣೆ ತೀರ್ಥ ತೆಗೆದುಕೊಂಡು ದೇವರ ಮುಂದೆ ಕೂತುಬಿಟ್ಟರು. ವರಾಂಡದಲ್ಲಿ ಸೊಸೆ ನೆನೆಹಾಕುತ್ತಿದ್ದ ತೊಟ್ಟಿ, ಅದರ ನೀರು ಚೆಲ್ಲಿದ ಬಾವಿಕಟ್ಟೆ, ಹಾಲಿನ ನೆಲದ ಮೇಲೆ ಹರಡಿದ್ದ ಕಾಗದ, ಅದರ ನಡುವೆ ತಾನು ಓಡಾಡಿದ್ದು, ಹೆಬ್ಬೆರಳಿನಿಂದ ತೋರಿಸಿದ್ದು, ಎಲ್ಲವನ್ನೂ ಅವರು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದಿರಬೇಕು. ನನ್ನ ಒಂದು ಜಡೆ ಹಾಗೇ ಬಿಚ್ಚಿಕೊಂಡಿತ್ತು. ಸ್ಕೂಲಿಗೆ ಹೋದೆ.

ಸಂಜೆ ಬಂದಾಗ ನಡುಮನೆಯಲ್ಲಿ ಅಪ್ಪ ಅಮ್ಮ ಮೆಲ್ಲನೆಯ ದನಿಯಲ್ಲಿ ಜಗಳವಾಡುತ್ತಿದ್ದರು. ಮೆಲ್ಲನೆಯ ಜಗಳ ಕೇಳುವುದು ಬಹಳ ಹಿಂಸೆ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಸುಮ್ನೆ ಹೇಳಿದಾರಾ? ಗೋಂದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನನ್ನ ಚಿತ್ರದ ವಿಷಯದಲ್ಲಿ ಅವರು ಒಂದು ದಿನಾನೂ ಸುಳ್ಳು ಹೇಳಿಲ್ಲ ಕಣ್ರೀ. ನಾನು ಹ್ಯಾಗೆ ಹೇಳಲಿ?"

"ಆಹಾ! ಹಾಗಾದ್ರೆ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದದ್ದು?"

"ಅವರು ಕೇಳಿರಲಿಲ್ಲ."

ಇದು ಅಮ್ಮನ ಜಾಣತನ. ಸತ್ಯ ಹೇಳುವವರಲ್ಲಿ ಇಂಥ ಜಾಣತನ ಇರುತ್ತದೆ, ನನಗೂ ಬಂದಿದೆ. ಕೇಳದೆ ಇದ್ದುದನ್ನು ಹೇಳದೆ ಇರುವುದಕ್ಕೆ ಅವಳ ಲೆಕ್ಕದಲ್ಲಿ ಸುಳ್ಳು ಅಂತ ಹೆಸರಿರಲಿಲ್ಲ. ಅಪ್ಪ ತಲೆ ಚಚ್ಚಿಕೊಂಡು ಎದ್ದುಹೋದ.

ಆ ದಿನದಿಂದ ನಮ್ಮ ಮನೆಯಲ್ಲಿ ಎರಡು ಅಡುಗೆ. ಅಜ್ಜಿ ಒಳಗೆ ತಮ್ಮ ಒಂದು ಹಿಡಿ ಅಕ್ಕಿ ತಾವೇ ಬೇಯಿಸಿಕೊಂಡರು. ಅಮ್ಮ ನಡುಮನೆಯಲ್ಲಿ ಗ್ಯಾಸ್ ಇಟ್ಟು ನಮ್ಮ ಮೂವರಿಗೆ ಮಾಡಿದಳು. ಅಲ್ಲಿಯವರೆಗೆ ಮಧ್ಯಾಹ್ನದ ಪಲ್ಯ, ರಾತ್ರಿಯ ಚಪಾತಿ ಅಮ್ಮನ ಕೈಯದೇ ಆಗಿದ್ದವು, ಅಜ್ಜಿ ಉಪ್ಪು ಹೆಚ್ಚು, ಖಾರ ಕಡಿಮೆ ಅನ್ನುತ್ತ ಉಣ್ಣುತ್ತಿದ್ದರು. ಈಗ ಅದೂ ಇಲ್ಲ. ಮಧ್ಯಾಹ್ನ ವರಾಂಡಕ್ಕೆ ಬರುವುದನ್ನೂ ನಿಲ್ಲಿಸಿದರು. ಏನಾದರೂ ಹೇಳಬೇಕಾದರೆ ನನ್ನ ಮೂಲಕ. ಇಬ್ಬರೂ ಮೂರು ಮಾರು ದೂರದಲ್ಲಿ ನಿಂತಿರುತ್ತಿದ್ದರು, ಆದರೂ "ನಿಮ್ಮಮ್ಮಂಗೆ ಹೇಳು, ಹಾಲು ಉಕ್ತಿದೆ" ಅನ್ನುತ್ತಿದ್ದರು. ನಾನು ಹೇಳುವುದರೊಳಗೆ ಹಾಲು ಉಕ್ಕಿ ಆಗಿರುತ್ತಿತ್ತು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಕಾಲು ಮಡಿಸಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಕಾಲು ಇದೆ ಅಂತ ಗೊತ್ತು, ಆದರೆ ಗಿಲ್ಲಿದರೂ ತಿಳಿಯುವುದಿಲ್ಲ, ನಮ್ಮ ಮನೆಗೆ ಮನೆಯೇ ಹಾಗಾಗಿತ್ತು. ಆ ವರ್ಷ ಸ್ಕೂಲಿನಲ್ಲಿ ಏನು ಪಾಠವಾಯಿತು, ಯಾರು ಪಕ್ಕದಲ್ಲಿ ಕೂತಿದ್ದರು, ಒಂದೂ ನನಗೆ ನೆನಪಿಲ್ಲ. ದೀಪಾವಳಿ ಬಂದು ಹೋಗಿರಬೇಕು.

ಅಮ್ಮ ಕೆಲಸ ಬಿಡಲಿಲ್ಲ. ಆ ಹರಳಿನ ಅಂಟನ್ನೇ ಹಚ್ಚಿದ ಹಾಳೆಗಳ ಮೇಲೆ ಬಿಡಿಸಿದಳು. ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು, ತೊಟ್ಟಿಗೆ ಮಾತ್ರ ಬಾವಿಯ ನೀರು ಬಿಟ್ಟು ಬೀದಿಗೆ ಬರುವ ಟ್ಯಾಂಕರ್ ಲಾರಿಯ ನೀರು ತುಂಬಿ, ಹಲಗೆಯ ಮುಂದೆ ನಿಲ್ಲುತ್ತಿದ್ದಳು. ಬೇಜಾರಾಗಿದೆಯೇ ಎಂದು ಅಪ್ಪ ಕೇಳಿದಾಗ, ಏನೂ ಆಗಿಲ್ಲ ಅಂದಳು. ನಿಜವಾಗಿಯೂ ಏನೂ ಆಗದವಳ ಹಾಗೆಯೇ ಇದ್ದಳು. ಬಣ್ಣ ಬೆರೆಸುವಾಗ, ಬ್ರಷ್ ತೊಳೆಯುವಾಗ, ನನ್ನ ಬೆನ್ನಿಗೆ ಸೋಪು ಹಚ್ಚುವಾಗ, ಎಲ್ಲಕ್ಕೂ ಒಂದೇ ಮುಖ. ಆ ತಿಂಗಳುಗಳ ಚಿತ್ರ ಈಗ ನನ್ನ ಹತ್ತಿರ ಒಂದಿದೆ. ಅದರಲ್ಲಿ ದುಃಖವಿದೆ ಎಂದು ನೋಡಿದವರು ಹೇಳುತ್ತಾರೆ. ನನಗೆ ಕಾಣುವುದಿಲ್ಲ. ಒಬ್ಬಳು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದು ಕಾಣುತ್ತದೆ.

ಚೌಕಟ್ಟು ಹಾಕಿಸಲು ಪುರಸೈವಾಕ್ಕಂಗೆ ಹೋಗುತ್ತಿದ್ದೆವು, ಸೀರೆ ಅಂಗಡಿಗಳ ನಡುವಿನ ಒಂದು ಸಂದಿಯಲ್ಲಿ. ಅಂಗಡಿಯವನು ದೇವರ ಪಟಗಳಿಗೆ ಹಾಕುವ ಚಿನ್ನದ ಬಣ್ಣದ ಪಟ್ಟಿ ತೋರಿಸುತ್ತಿದ್ದ, ಅಮ್ಮ ಬೇಡ, ಸಾದಾ ಮರ ಸಾಕು ಅನ್ನುತ್ತಿದ್ದಳು. ಗಾಜು ಚಿತ್ರಕ್ಕೆ ತಾಗಬಾರದು, ತಾಗಿದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ, ನಡುವೆ ದಪ್ಪ ಕಾಗದದ ಅಂಚು ಕೊಡಬೇಕು, ಎಂದು ಪ್ರತಿ ಸಲವೂ ಹೇಳಬೇಕಿತ್ತು. ಅವನು ಪ್ರತಿ ಸಲವೂ ತಲೆಯಾಡಿಸುತ್ತಿದ್ದ. ಪಟಗಳು ಒಂದೊಂದಾಗಿ ಹಾಲಿಗೆ ಬಂದು, ಹಳೆಯ ಸೀರೆ ಹೊದ್ದು, ಗೋಡೆಗೆ ಮುಖ ಮಾಡಿ ನಿಂತವು. ಅಜ್ಜಿ ಅವುಗಳಿಂದ ದೂರ ಸರಿದು ಬೀದಿಬಾಗಿಲಿಗೆ ಹೋಗಿಬರುತ್ತಿದ್ದರು. ಒಂದು ಮಧ್ಯಾಹ್ನ ಮಾತ್ರ ಹಾಲಿನ ನಡುವೆ ನಿಂತು, ಮುಚ್ಚಿದ ಪಟಗಳನ್ನೇ ಬಹಳ ಹೊತ್ತು ನೋಡುತ್ತಿದ್ದರು.

ಮಾರನೆಯ ಬೆಳಿಗ್ಗೆ ವರಾಂಡದ ಹೊಸಿಲಲ್ಲಿ ಒಂದು ಕಂಚಿನ ತಪ್ಪಲೆ ಇತ್ತು, ಮೇಲೆ ಬಾಳೆಯೆಲೆ. ಅಜ್ಜಿ ಅಡುಗೆಮನೆಯ ಒಳಗಿನಿಂದಲೇ ಹೇಳಿದರು.

"ರಮಾ, ನಿಮ್ಮಮ್ಮಂಗೆ ಹೇಳು. ಅದು ಅಕ್ಕಿ ಗಂಜಿ. ಬಟ್ಟೇಲಿ ಸೋಸಿದೀನಿ, ಗಂಟಿಲ್ಲ. ಗಂಜಿ ಹಾಕಿದ ಸೀರೆ ಅಷ್ಟು ನಿಲ್ಲತ್ತೆ, ಕಾಗದ ನಿಲ್ಲಲ್ವಾ ಕೇಳು."

ನಾನು ಹೇಳಬೇಕಾಗಲಿಲ್ಲ. ಅಮ್ಮ ಅಲ್ಲೇ ನಿಂತಿದ್ದಳು. ತಪ್ಪಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಬೆರಳು ಅದ್ದಿ ನೋಡಿದಳು.

"ನಿಲ್ಲತ್ತೆ ಅನ್ನು. ನೋಡ್ತೀನಿ ಅನ್ನು."

ಗಂಜಿ ಕಾಗದಕ್ಕೆ ಅಂಟಾಗುತ್ತದೆ, ಆಗದೆ ಏನಿಲ್ಲ. ಆದರೆ ಅದರ ಮೇಲೆ ನೀರು ಹರಿಯುವುದಿಲ್ಲ, ಕುಂಟುತ್ತದೆ. ಒಣಗಿದ ಮೇಲೆ ಬಣ್ಣ ಮಂಕಾಗುತ್ತದೆ. ಅಮ್ಮ ಯಾವ ಅಂಟೂ ಹಚ್ಚದ ಒಂದು ಹಾಳೆ ಹುಡುಕಿ ತಂದು, ಅದಕ್ಕೆ ಗಂಜಿ ಬಳಿದು, ಆ ಒಂದು ಹಾಳೆಯ ಮೇಲೆ ಬೇರೆ ಯಾವುದರ ಮೇಲೂ ಪಡದಷ್ಟು ಪಾಡುಪಟ್ಟಳು. ಒಣಗಿಸಿ, ಮತ್ತೆ ತೇಯ್ದು, ಮತ್ತೆ ಬಳಿದು. ಹಸಿರು ಮತ್ತು ಅರಿಶಿನ, ಅಜ್ಜಿಗೆ ಇಷ್ಟವಾದ ಬಣ್ಣಗಳು. ಮುಗಿಸಿದಾಗ ಅದು ಸುಮಾರಾಗಿತ್ತು. ನನಗೇ ಗೊತ್ತಾಯಿತು, ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಅದಕ್ಕೆ ಚೌಕಟ್ಟು ಹಾಕಿಸಿದಳು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಓದುವವರು ಆಸೆ ಇಟ್ಟುಕೊಳ್ಳಬಾರದು. ಅಜ್ಜಿ ತಮ್ಮ ಕೊನೆಯವರೆಗೂ ಅಮ್ಮನ ಕೈಯಡುಗೆ ಉಣ್ಣಲಿಲ್ಲ. ಎರಡು ಒಲೆ ಎರಡಾಗಿಯೇ ಉಳಿದವು. ಕಾಯಿಲೆ ಬಿದ್ದಾಗಲೂ ಅಪ್ಪನೇ ಮಡಿಯಲ್ಲಿ ಗಂಜಿ ಕಾಯಿಸಿದ. ಅವರು ಹಾಗೆ ಮಾಡಿದ್ದು ತಪ್ಪು ಎಂದು ನನಗೆ ಸಿಟ್ಟು ಬರಬೇಕು, ಎಷ್ಟೋ ಸಲ ಬರಿಸಿಕೊಳ್ಳಲು ನೋಡಿದ್ದೇನೆ, ಬರುವುದಿಲ್ಲ.

ಗ್ಯಾಲರಿಯಲ್ಲಿ ಪಟ ತೂಗುಹಾಕುವ ದಿನ, ಅಂದರೆ ಉದ್ಘಾಟನೆಯ ಹಿಂದಿನ ದಿನ, ಅಮ್ಮ ಬೆಳಿಗ್ಗೆಯೇ ಟೆಂಪೋದಲ್ಲಿ ಹೋಗಿದ್ದಳು. ಅಜ್ಜಿ ಬರುವ ಮಾತನ್ನು ಯಾರೂ ಎತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಬೇರೆ ಸೀರೆ ಉಟ್ಟು, ಕೈಚೀಲ ಹಿಡಿದು, ಜಗಲಿಗೆ ಬಂದು ನಿಂತರು.

"ಏನೋ ಮುಖ ನೋಡ್ತೀಯ? ಆಟೋ ಹಿಡಿ. ನಾಳೆ ಜನ ಇರ್ತಾರೆ, ಜನ ಇದ್ದರೆ ಏನು ಕಾಣತ್ತೆ?"

ಅಪ್ಪ ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದ. ಆಟೋದಲ್ಲಿ ಅಜ್ಜಿ ಒಂದು ತುದಿಗೆ ಕೂತು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡರು.

ಗ್ಯಾಲರಿಯ ಗೋಡೆ ಬಿಳಿ. ಅಷ್ಟು ಬಿಳಿ ಗೋಡೆಯನ್ನು ನಾನು ನೋಡಿರಲಿಲ್ಲ. ನಮ್ಮ ಮನೆಯ ನೆಲದ ಮೇಲೆ ನೋಡಿದ್ದ ಅವೇ ಚಿತ್ರಗಳು ಅಲ್ಲಿ ಯಾರದೋ ದೊಡ್ಡವರ ಚಿತ್ರಗಳ ಹಾಗೆ ಇದ್ದವು. ಅಮ್ಮ ಏಣಿಯ ಮೇಲಿದ್ದಳು, ಬಾಯಲ್ಲಿ ಮೊಳೆ. ಅಜ್ಜಿಯನ್ನು ನೋಡಿ ಕೆಳಗಿಳಿದಳು. ಮೊಳೆಯನ್ನು ಅಂಗೈಗೆ ಉಗುಳಿಕೊಂಡು ನಿಂತಳು. ಅಜ್ಜಿ ಮೊದಲ ಚಿತ್ರದ ಮುಂದೆ, ಒಂದು ಮಾರು ದೂರದಲ್ಲಿ, ಕೈ ಹಿಂದೆ ಕಟ್ಟಿ ನಿಂತರು. ನೋಡಿದರು. ಆಮೇಲೆ, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ನೇರವಾಗಿ ಅಮ್ಮನನ್ನೇ ಕೇಳಿದರು.

"ಇದರಲ್ಲಿ ಅದು ಇದೆಯಾ?"

"ಇದೆ ಅತ್ತೆ."

ಅಜ್ಜಿ ಹೂಂ ಎಂದು ಮುಂದಿನದಕ್ಕೆ ಹೋದರು. ಅಪ್ಪ ನನ್ನ ಹೆಗಲು ಹಿಡಿದುಕೊಂಡಿದ್ದ.

"ಇದರಲ್ಲಿ?"

"ಇದೆ."

ಹೀಗೆ ಗೋಡೆಯುದ್ದಕ್ಕೂ. ಒಂದೊಂದು ಚಿತ್ರವನ್ನೂ ಅಜ್ಜಿ ಹಿಂದೆ ವರಾಂಡದಲ್ಲಿ ನೋಡುತ್ತಿದ್ದಷ್ಟೇ ಹೊತ್ತು ನೋಡಿದರು. ಮುಖದಲ್ಲಿ ಹೇಸಿಗೆ ಇರಲಿಲ್ಲ, ಸಂತೋಷವೂ ಇರಲಿಲ್ಲ. ನೋಡಿ ಆದ ಮೇಲೆ ಪ್ರತಿ ಸಲವೂ ಕೇಳಿದರು. ಅಮ್ಮ ಪ್ರತಿ ಸಲವೂ ಇದೆ ಅಂದಳು. ಅವಳ ದನಿ ಬರಬರುತ್ತ ಸಣ್ಣದಾಯಿತು. ಇಲ್ಲ ಅಂದುಬಿಡು, ಒಂದಕ್ಕಾದರೂ ಇಲ್ಲ ಅಂದುಬಿಡು ಎಂದು ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಕೊನೆಗೆ ಬಾಗಿಲ ಪಕ್ಕದ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ತೂಗುಹಾಕಿದ್ದ ಹಸಿರು ಅರಿಶಿನದ ಚಿತ್ರಕ್ಕೆ ಬಂದರು.

"ಇದರಲ್ಲಿ?"

"ಇದರಲ್ಲಿ ಇಲ್ಲ ಅತ್ತೆ. ಇದು ನೀವು ಕೊಟ್ಟ ಗಂಜಿ."

ಅಮ್ಮ ಅದನ್ನು ಹೇಳಿದ ರೀತಿ ನನಗೆ ಈಗಲೂ ಕೇಳಿಸುತ್ತದೆ. ಪರೀಕ್ಷೆಯಲ್ಲಿ ಒಂದೇ ಒಂದು ಪ್ರಶ್ನೆಗೆ ಉತ್ತರ ಬಂದ ಮಗುವಿನ ಹಾಗೆ ಹೇಳಿದಳು. ಅಜ್ಜಿ ಆ ಚಿತ್ರವನ್ನು ನೋಡುತ್ತ ನಿಂತರು. ಹತ್ತಿರ ಹೋದರು, ಅದು ತಾಗಿದರೂ ಪರವಾಗಿರಲಿಲ್ಲವಲ್ಲ. ಹಿಂದೆ ಸರಿದರು. ಮತ್ತೆ ನೋಡಿದರು. ಗ್ಯಾಲರಿಯ ಹುಡುಗಿ ಯಾರೋ ಕಾಫಿ ತಂದು, ಎಲ್ಲರ ಮುಖ ನೋಡಿ, ಹಾಗೇ ವಾಪಸ್ಸು ಹೋದಳು.

"ಇದನ್ನ ತೆಗೆದುಬಿಡು ಸುಮತಿ."

"ಅತ್ತೆ..."

"ನನಗೋಸ್ಕರ ಇಟ್ಟಿದೀಯ. ನನಗೆ ತೆರಿಯತ್ತೆ. ಆದ್ರೆ ಚೆನ್ನಾಗಿಲ್ಲಮ್ಮ ಇದು. ಬಾಕಿಯೆಲ್ಲ ಉಸಿರಾಡ್ತಿದೆ, ಇದೊಂದು ಮಾತ್ರ ಇಲ್ಲ. ತೆಗೆ."

ಅಮ್ಮ ಏಣಿ ಸರಿಸಿಕೊಂಡು ಹತ್ತಿ, ಪಟವನ್ನು ಮೊಳೆಯಿಂದ ಬಿಡಿಸಿದಳು. ಬಿಡಿಸುವಾಗ ಅವಳಿಗೆ ಅಳು ಬಂದುಬಿಟ್ಟಿತು. ದ್ವಾದಶಿಯ ದಿನ ಬರಲಿಲ್ಲ, ಎರಡು ಒಲೆಯಾದ ದಿನ ಬರಲಿಲ್ಲ, ಈಗ, ಏಣಿಯ ಮೇಲೆ, ಎರಡೂ ಕೈಯಲ್ಲಿ ಪಟ ಹಿಡಿದುಕೊಂಡು, ಒರೆಸಿಕೊಳ್ಳಲೂ ಆಗದೆ, ಗೊಳೋ ಎಂದು ಅತ್ತಳು. ಅದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಅಪ್ಪ ಓಡಿಹೋಗಿ ಏಣಿ ಹಿಡಿದುಕೊಂಡ. ಅಜ್ಜಿ ಮಾತ್ರ ಕದಲಲಿಲ್ಲ. ಖಾಲಿಯಾದ ಗೋಡೆಯ ಆ ತುಂಡನ್ನೂ, ಉದ್ದ ಸಾಲನ್ನೂ ಕಣ್ಣಲ್ಲೇ ಅಳೆದರು.

"ಅಳೋದು ಅಪ್ಪರಂ ಅಳು. ಮೊದಲು ಆ ನೀಲೀನ ತಂದು ಈ ಬಾಗಿಲ ಹತ್ರ ಹಾಕು. ನಾಳೆ ಬಂದವರು ಮೊದಲು ಅದನ್ನ ನೋಡಬೇಕು."